ಬಾಣಂತಿಗೆಂದು ಮಾಡಿದ ಸೊರಾ ಪುಟ್ಟು

ತಟ್ಟೆಯನ್ನು ಮೇಜಿನ ಮೇಲಿಟ್ಟ ಕೂಡಲೇ ಬೆಳ್ಳುಳ್ಳಿಯ ವಾಸನೆ ಬಂತು. ಅದರ ಹಿಂದೆಯೇ ಅರಿಶಿನ ಹಾಕಿ ಬೇಯಿಸಿದ ಮೀನಿನದು, ಆಮೇಲೆ ಎಣ್ಣೆಯಲ್ಲಿ ಬಾಡಿದ ಸಣ್ಣ ಈರುಳ್ಳಿಯದು, ಕರಿಬೇವಿನದು... ನಾನು ಚಮಚ ಹಿಡಿದುಕೊಂಡು ಹಾಗೇ ಕೂತುಬಿಟ್ಟೆ.

ಕಾಸಿಮೇಡಿನ ಮೀನು ಬಂದರಿಗೆ ಮುಖ ಮಾಡಿ ಹೊಸದಾಗಿ ತೆರೆದಿರುವ ಹೋಟೆಲು ಅದು. ಹೋಟೆಲು ಅನ್ನಬಾರದಂತೆ, ಬಿಸ್ಟ್ರೋ ಅನ್ನಬೇಕಂತೆ. ನಮ್ಮ ಮದುವೆಯ ದಿನವೆಂದು ಹೆಂಡತಿಯನ್ನು ಕರೆದುಕೊಂಡು ಮಧ್ಯಾಹ್ನದ ಊಟಕ್ಕೆ ಹೋಗಿದ್ದೆ. ಗೋಡೆಗೆ ಹಳೆಯ ಬಲೆ ಹೊಡೆದಿದ್ದಾರೆ, ಹಗ್ಗಕ್ಕೆ ದೀಪ ಕಟ್ಟಿದ್ದಾರೆ, ಅವಸರವಿಲ್ಲದೆ ಕೂತು ತಿನ್ನಿ ಎಂದು ಬಾಗಿಲಲ್ಲೇ ಬರೆದಿದ್ದಾರೆ. ಏನೇನಿದೆ ಎಂದು ಕೇಳಿದರೆ ಮೇಜಿನ ಮೇಲಿನ ಚೌಕವನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಲು ಹೇಳಿದರು. ಅದರಲ್ಲಿ ಸೊರಾ ಪುಟ್ಟು ಎಂಬ ಹೆಸರಿನ ಕೆಳಗೆ, ಮೀನುಗಾರ ಅಜ್ಜಿಯರ ಕೈರುಚಿ ಎಂದು ಒಂದು ಸಾಲು. ನನಗೆ ಮೈ ಉರಿಯಿತು. ಅಜ್ಜಿಯರದಂತೆ! ಅದು ಬಾಣಂತಿಯರ ಊಟ. ಸೊರಾ ಅಂದರೆ ಶಾರ್ಕ್ ಮೀನು. ಅದರ ಮರಿಯನ್ನು ಬೇಯಿಸಿ, ಚರ್ಮ ಸುಲಿದು, ಕೈಯಲ್ಲೇ ಪುಡಿ ಮಾಡಿ, ಬೆಳ್ಳುಳ್ಳಿ ಸುರಿದು ಹುರಿಯುತ್ತಾರೆ. ಎದೆಹಾಲು ಹೆಚ್ಚಲಿ ಎಂದು ಈ ದಡದ ಹೆಂಗಸರು ಹೆರಿಗೆಯಾದವರಿಗೆ ತಿನ್ನಿಸುತ್ತಾರೆ.

ಇದನ್ನು ನನಗೆ ತಿಳಿಸಿದವಳು ಇಲ್ಲಿಂದ ಕೂಗಳತೆಯಲ್ಲಿ ಮೀನೂಟದ ಮೆಸ್ ಇಟ್ಟಿದ್ದಳು. ನಾನು ಅಕ್ಕ ಎನ್ನುತ್ತಿದ್ದೆ, ಅವಳು ತಂಬಿ ಎನ್ನುತ್ತಿದ್ದಳು.

ನಾನು ರೈಲ್ವೆಯ ಪಾರ್ಸೆಲ್ ಆಫೀಸಿನ ಗುಮಾಸ್ತ. ಊರು ಮಳವಳ್ಳಿ ಕಡೆ. ಮದುವೆಯಾದ ಹೊಸತರಲ್ಲಿ ಮದ್ರಾಸಿಗೆ ವರ್ಗವಾಗಿ ಬಂದು ಪುರಸೈವಾಕ್ಕಂನಲ್ಲಿ ಮನೆ ಮಾಡಿದ್ದೆವು. ಆಫೀಸಿನವರೆಲ್ಲ ಡಬ್ಬಿ ತರುತ್ತಿದ್ದರು. ಬಸುರಿ ಹೆಂಡತಿಗೆ ಬೆಳಿಗ್ಗೆ ಎದ್ದು ಡಬ್ಬಿ ಕಟ್ಟು ಎನ್ನಲು ನನಗೆ ಮನಸ್ಸಿರಲಿಲ್ಲ. ಹಾಗಾಗಿ ಮಧ್ಯಾಹ್ನ ಒಬ್ಬನೇ ಇಪ್ಪತ್ತು ನಿಮಿಷ ನಡೆದು ಅಕ್ಕನ ಮೆಸ್ಸಿಗೆ ಹೋಗುತ್ತಿದ್ದೆ. ತಗಡಿನ ಸೂರು, ಐದು ಬೆಂಚು, ಎದುರಿಗೆ ದೋಣಿಗಳು. ಬೋರ್ಡೂ ಇಲ್ಲ, ಪಟ್ಟಿಯೂ ಇಲ್ಲ. ಬೆಳಿಗ್ಗೆ ದೋಣಿಯಲ್ಲಿ ಬಂದದ್ದು ಅಡುಗೆ. ಯಾರಿಗೆ ಯಾವ ಮೀನು ಎನ್ನುವುದನ್ನೂ ಅವಳೇ ತೀರ್ಮಾನಿಸುತ್ತಿದ್ದಳು. ಕೆಮ್ಮಿದರೆ ಒಂದು, ಸೊರಗಿದ್ದರೆ ಇನ್ನೊಂದು. ಮೊದಲ ದಿನವೇ ನನ್ನ ಗಂಟಲಿಗೆ ಮುಳ್ಳು ಸಿಕ್ಕಿತ್ತು. ಅನ್ನದ ಉಂಡೆ ನುಂಗಿಸಿ, ಬೆನ್ನಿಗೆ ಗುದ್ದಿ, ಕೆರೆ ಮೀನು ತಿಂದ ಬಾಯಿಗೆ ಕಡಲು ಒಗ್ಗಲು ಸ್ವಲ್ಪ ದಿನ ಬೇಕು ಎಂದು ನಕ್ಕಿದ್ದಳು. ಅಲ್ಲಿಂದ ಮುಂದೆ ನನ್ನ ಎಲೆಗೆ ಬರುವ ತುಂಡನ್ನು ಮುಳ್ಳು ಕಡಿಮೆ ಇರುವ ಕಡೆಯಿಂದಲೇ ಕೊಯ್ಯುತ್ತಿದ್ದಳು.

ಮಗಳು ಏಳೂವರೆ ತಿಂಗಳಿಗೇ ಹುಟ್ಟಿಬಿಟ್ಟಳು. ನನ್ನ ಅಂಗೈ ಮೇಲೆ ಮಲಗಿಸಬಹುದಾದಷ್ಟು ಸಣ್ಣ ಕೂಸು. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ತಾಯಿ ಹಾಲೇ ಔಷಧಿ, ಹಿಂಡಿ ತಂದುಕೊಡಿ ಎಂದು ನರ್ಸಮ್ಮ ಒಂದು ಪುಟ್ಟ ಬಟ್ಟಲು ಕೊಟ್ಟರು. ಬಟ್ಟಲಿನ ತಳವೂ ಒದ್ದೆಯಾಗಲಿಲ್ಲ. ಊರಿಂದ ಬಂದ ಅತ್ತೆ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಣಸಿನ ಸಾರು ಎಲ್ಲ ಕೊಟ್ಟು ನೋಡಿದರು. ಹೆಂಡತಿ ಗೋಡೆಗೆ ಮುಖ ಮಾಡಿ ಕೂತು ಹಿಂಡಿಕೊಳ್ಳುತ್ತಿದ್ದಳು, ಅಳುತ್ತಿದ್ದಳು, ಮತ್ತೆ ಹಿಂಡಿಕೊಳ್ಳುತ್ತಿದ್ದಳು. ನಾನು ಬಟ್ಟಲು ಹಿಡಿದು ವಾರ್ಡಿನ ಬಾಗಿಲಿಗೂ ಅವಳ ಮಂಚಕ್ಕೂ ನಡುವೆ ಸುಮ್ಮನೆ ಓಡಾಡುತ್ತಿದ್ದೆ. ಮನುಷ್ಯ ಅಷ್ಟು ನಿರುಪಯೋಗಿ ಆಗಬಹುದೆಂದು ನನಗೆ ಗೊತ್ತಿರಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಕಾಲು ತಾನಾಗಿ ಮೆಸ್ಸಿಗೆ ಹೋಯಿತು. ಉಣ್ಣಲಾಗಲಿಲ್ಲ. ಅಕ್ಕ ಬಂದು ಪಕ್ಕದಲ್ಲಿ ಕೂತು ಕೇಳಿದಳು, ನಾನು ಹೇಳಿದೆ. ಆಗ ಮೀನು ಮರಿ ಹಾಕುವ ಕಾಲವೆಂದು ದೊಡ್ಡ ದೋಣಿಗಳು ಎರಡು ತಿಂಗಳು ಕಡಲಿಗಿಳಿಯದಂತೆ ಸರ್ಕಾರದ ತಡೆ ಇತ್ತು. ತಡೆ ಶುರುವಾದ ಮೂರನೇ ದಿನ ಮಗಳು ಹುಟ್ಟಿದ್ದು. ಬಂದರಿನಲ್ಲಿ ಸೊರಾ ಇರಲಿಲ್ಲ. ಸಣ್ಣ ದೋಣಿಯವರ ಮನೆಮನೆಗೆ ಹೋಗಿ ಕೇಳುತ್ತೇನೆ ಎಂದಳು. ಸಂಜೆಯೊಳಗೆ ಕ್ಯಾರಿಯರ್‌ನಲ್ಲಿ ಪುಟ್ಟು ತುಂಬಿ ಕೊಟ್ಟಳು, ಆಸ್ಪತ್ರೆಗೆ ಒಯ್ದೆ.

ಬಾಣಂತಿಗೆ ಕಡಲ ಮೀನು ಕೊಟ್ಟರೆ ನಂಜಾಗುತ್ತದೆ ಎಂದು ಅತ್ತೆ ಅಡ್ಡ ನಿಂತರು. ಹೆಂಡತಿ ಅವರ ಕೈಯಿಂದ ಕ್ಯಾರಿಯರ್ ಕಿತ್ತುಕೊಂಡಳು.

"ಕಲ್ಲು ಕೊಟ್ರೂ ತಿಂತೀನಿ ಕಣವ್ವ. ಹಾಲು ಬಂದ್ರೆ ಸಾಕು."

ಮೂರನೇ ದಿನ ಬಟ್ಟಲು ಅರ್ಧವಾಯಿತು. ಐದನೇ ದಿನ ತುಂಬಿತು. ಪುಟ್ಟಿನ ಗುಣವೋ, ದಿನ ತುಂಬಿ ತಾನಾಗಿ ಬಂತೋ, ಡಾಕ್ಟರೇ ಹೇಳಬೇಕು. ತುಂಬಿದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಗಾಜಿನ ಪೆಟ್ಟಿಗೆಯ ಕಡೆ ನಡೆದ ಆ ನಾಲ್ಕು ದಿನಗಳಷ್ಟು ಸುಖ ನನಗೆ ಹಿಂದೆಯೂ ಇರಲಿಲ್ಲ, ಮುಂದೆಯೂ ಬರಲಿಲ್ಲ. ಒಂಬತ್ತನೇ ದಿನ ಬೆಳಿಗ್ಗೆ ಬಟ್ಟಲು ತೆಗೆದುಕೊಂಡು ಹೋದಾಗ ನರ್ಸಮ್ಮ ಅದನ್ನು ಈಸಿಕೊಳ್ಳಲಿಲ್ಲ.

ಮಗು ಹೋಯಿತು, ಹಾಲು ನಿಲ್ಲಲಿಲ್ಲ. ರವಿಕೆ ನೆನೆಯುತ್ತಿತ್ತು. ಎದೆಗೆ ಮಲ್ಲಿಗೆ ಕಟ್ಟಿದರೆ ಹಾಲು ಬತ್ತುತ್ತದೆ ಎಂದು ಅತ್ತೆ ನನ್ನನ್ನು ಹೂವಿಗೆ ಕಳಿಸಿದರು. ಹೂವಿನವಳು ಯಾವ ದೇವಸ್ಥಾನಕ್ಕೆ ಎಂದು ವಿಚಾರಿಸಿ ನಾಲ್ಕು ಮೊಳ ಅಳೆದು ಕೊಟ್ಟಳು. ಇಡೀ ಮನೆ ಮದುವೆ ಮನೆಯ ಹಾಗೆ ಘಮಘಮ ಎನ್ನುತ್ತಿತ್ತು. ಇವತ್ತಿಗೂ ನಮ್ಮ ಮನೆಗೆ ನಾನು ಮಲ್ಲಿಗೆ ತರುವುದಿಲ್ಲ.

ಮಣ್ಣು ಮಾಡಿದ ಮಾರನೇ ದಿನ ಕ್ಯಾರಿಯರ್ ಹಿಂದಿರುಗಿಸಿ ವಿಷಯ ತಿಳಿಸಲು ಮೆಸ್ಸಿಗೆ ಹೋದೆ. ಅಕ್ಕ ಒಲೆಯ ಮುಂದಿರಲಿಲ್ಲ. ದಡದ ಕಡೆಯಿಂದ ಬಿಸಿಲಲ್ಲಿ ನಡೆದು ಬಂದಳು, ಕಾಲೆಲ್ಲ ಮರಳು. ಕೈಯಲ್ಲಿ ಮೊಳದುದ್ದದ ಮರಿ ಸೊರಾ. ಎರಡು ದಿನ ಸಿಕ್ಕಿರಲಿಲ್ಲ, ಇವತ್ತು ಒಬ್ಬನ ಹತ್ತಿರ ಕಾಡಿ ಬೇಡಿ ತಂದೆ ಎಂದು ಅದನ್ನು ಎತ್ತಿ ತೋರಿಸಿದಳು. ಅವಳ ಮುಖ ನೋಡಿದೆ...

"ಪಾಪಾ ಎಪ್ಡಿ ಕೀದು ತಂಬಿ?" ಎಂದಳು. ಮಗು ಹೇಗಿದೆ?

ಚೆನ್ನಾಗಿದೆ ಎಂದೆ. ಹಾಲು ಕುಡಿಯುತ್ತಾ ಎಂದಳು. ಕುಡಿಯುತ್ತೆ ಎಂದೆ.

ಅಷ್ಟೇ. ನಾಳೆ ಹೇಳಿದರಾಯಿತು ಎಂದುಕೊಂಡೆ. ಆ ನಾಳೆ ಬರಲಿಲ್ಲ. ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಎನ್ನುತ್ತಾರಲ್ಲ, ನನ್ನದು ಮುಚ್ಚುವ ಸುಳ್ಳಾಗಿರಲಿಲ್ಲ, ಸಾಕುವ ಸುಳ್ಳಾಗಿತ್ತು. ಅವಳು ಕೊಟ್ಟ ಪುಟ್ಟನ್ನು ಬೀಚ್ ಸ್ಟೇಷನ್ನಿನ ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತು ನಾನೇ ತಿಂದೆ, ಚೆಲ್ಲಲು ಕೈ ಬರಲಿಲ್ಲ. ಹೆಸರೇನಿಟ್ಟಿರಿ ಎಂದು ಕೇಳಿದಾಗ ಇಡಬೇಕೆಂದುಕೊಂಡಿದ್ದ ಹೆಸರನ್ನೇ ಹೇಳಿದೆ. ನೋಡಬೇಕು, ಕರೆದುಕೊಂಡು ಬಾ ಎಂದರೆ ತಾಯಿ ಮಗು ಊರಿಗೆ ಹೋಗಿದ್ದಾರೆ ಎಂದೆ. ಮಗಳು ಮಗ್ಗುಲಾದಳು, ಅಂಬೆಗಾಲಿಟ್ಟಳು, ಕೆಳಗೆ ಎರಡು ಹಲ್ಲು ಬಂದವು. ಮನೆಯಲ್ಲಿ ನಾನೂ ಹೆಂಡತಿಯೂ ಮಗುವಿನ ಮಾತೇ ಎತ್ತುತ್ತಿರಲಿಲ್ಲ. ಎತ್ತಿದರೆ ಇಬ್ಬರಲ್ಲೊಬ್ಬರು ಉಳಿಯುವುದಿಲ್ಲ ಎನ್ನುವ ಭಯ. ಇಷ್ಟು ದೊಡ್ಡ ಪಟ್ಟಣದಲ್ಲಿ ನನ್ನ ಮಗಳು ಬದುಕಿದ್ದದ್ದು ಆ ತಗಡಿನ ಸೂರಿನ ಕೆಳಗೆ ಮಾತ್ರ, ದಿನಕ್ಕೆ ಅರ್ಧ ಗಂಟೆ. ಅಕ್ಕನಿಗೆ ತಿಳಿದುಹೋದರೆ ಅಲ್ಲೂ ಸಾಯುತ್ತಾಳೆ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನ ಪಾಡು ನನ್ನದಾಗಿತ್ತು.

ವರ್ಷ ತುಂಬುವ ಹೊತ್ತಿಗೆ ಅಕ್ಕ ಹೊಸದೊಂದು ಮಾತು ತೆಗೆದಳು. ಮಗುವಿಗೆ ಮೊದಲ ಮೀನನ್ನು ಮುಳ್ಳು ಬಲ್ಲ ಕೈ ತಿನ್ನಿಸಬೇಕು, ತಮ್ಮಲ್ಲಿ ಹಾಗೇ, ನಿನ್ನ ಮಗಳಿಗೆ ನಾನೇ ತಿನ್ನಿಸುತ್ತೇನೆ ಎಂದಳು. ಊರಿಂದ ಯಾವತ್ತು ಬರುತ್ತಾರೆ ಎಂದು ದಿನವೂ ಕೇಳತೊಡಗಿದಳು. ಮೆಸ್ಸಿಗೆ ಹೋಗುವುದನ್ನು ಬಿಟ್ಟೆ. ಎರಡು ವಾರ ಆಫೀಸಿನಲ್ಲೇ ಬನ್ನು ತಿಂದುಕೊಂಡಿದ್ದೆ.

ಆದರೆ ಅವಳ ಕ್ಯಾಲೆಂಡರೇ ಬೇರೆ. ಮಗು ಹುಟ್ಟಿದ್ದು ತಡೆಯ ಮೂರನೇ ದಿನ ಎಂದು ನೆನಪಿಟ್ಟುಕೊಂಡಿದ್ದಳು. ಆ ವರ್ಷದ ತಡೆ ಶುರುವಾಗಿ ಮೂರನೇ ದಿನ ನಾನು ಆಫೀಸಿನಿಂದ ಬಂದರೆ ಅಡುಗೆಮನೆಯಲ್ಲಿ ಅವಳ ಕ್ಯಾರಿಯರ್ ಇತ್ತು. ಆಸ್ಪತ್ರೆಯ ದಿನಗಳಲ್ಲಿ ನಾನೇ ಹೇಳಿದ್ದ ಗುರುತು ಹಿಡಿದು, ಬೀದಿಯಲ್ಲಿ ಕೇಳಿಕೊಂಡು ಮನೆಗೆ ಬಂದಿದ್ದಳು.

ಯಾರೋ ಬಂದಿದ್ದರು, ಮಗುವನ್ನು ಹೆಸರು ಹಿಡಿದು ಕೇಳಿದರು ಎಂದಳು ಹೆಂಡತಿ. ನನ್ನ ಕಡೆ ನೋಡಲಿಲ್ಲ.

"ನೀನೇನಂದೆ?"

"ಮಲಗವ್ಳೆ ಅಂದೆ."

ನನ್ನನ್ನು ಬೈಯಲಿಲ್ಲ. ಕ್ಯಾರಿಯರ್ ಬಿಚ್ಚಿ, ಮೀನಿನ ಮುಳ್ಳು ಬಿಡಿಸಿ, ಅನ್ನದಲ್ಲಿ ಕಲಸಿದಳು. ನಾವಿಬ್ಬರೂ ಒಂದೇ ತಟ್ಟೆಯಲ್ಲಿ ತಿಂದೆವು. ಮಗಳು ಹೋದ ಮೇಲೆ ನಾವು ಒಟ್ಟಿಗೆ ಅತ್ತದ್ದು ಅವತ್ತೇ ಮೊದಲು.

ನನ್ನ ಸುಳ್ಳಿಗೆ ಹೆಂಡತಿಯೂ ಜೊತೆಯಾದಳಲ್ಲ ಎಂಬ ಧೈರ್ಯಕ್ಕೆ ಮತ್ತೆ ಮೆಸ್ಸಿಗೆ ಹೋಗತೊಡಗಿದೆ. ಅಕ್ಕ ಮೊದಲಿನಂತೆಯೇ ವಿಚಾರಿಸಿದಳು. ಮೊದಲ ಮೀನಿನ ಮಾತನ್ನಾಗಲೀ ಕರೆದುಕೊಂಡು ಬಾ ಎನ್ನುವುದನ್ನಾಗಲೀ ಮತ್ತೆ ಎತ್ತಲಿಲ್ಲ. ಮನೆಗೇ ಹೋಗಿ ಕೊಟ್ಟು ಬಂದಳಲ್ಲ, ಅವಳ ಆಸೆ ತೀರಿತು ಎಂದುಕೊಂಡೆ. ನಡೆಯುತ್ತಾಳಾ, ಅಪ್ಪ ಎನ್ನುತ್ತಾಳಾ, ಕನ್ನಡ ಆಡುತ್ತಾಳೋ ತಮಿಳೋ... ನಾನು ಹೇಳುತ್ತಿದ್ದೆ. ಎರಡನ್ನೂ ಕಲಸುಮೇಲೋಗರ ಮಾಡುತ್ತಾಳೆ ಎಂದಾಗ ಜೋರಾಗಿ ನಕ್ಕಿದ್ದಳು. ಮೂರು ವರ್ಷಕ್ಕೆ ಸ್ಕೂಲಿಗೆ ಸೇರಿಸಿದೆ. ಮೊದಲ ದಿನ ಗೇಟಿನ ಹತ್ತಿರ ನನ್ನ ಪ್ಯಾಂಟು ಹಿಡಿದುಕೊಂಡು ಅತ್ತಳು, ಬಿಟ್ಟು ಬರಲು ಕಷ್ಟವಾಯಿತು ಎಂದು ಹೇಳಿ ನಿಜವಾಗಿಯೂ ಕಣ್ಣೊರೆಸಿಕೊಂಡೆ. ಅಕ್ಕ ಒಲೆಯ ಕಡೆ ತಿರುಗಿಕೊಂಡು ಬಹಳ ಹೊತ್ತು ಬೆಂಕಿ ಊದಿದಳು. ಹೊಗೆಯಿರಬೇಕು ಎಂದುಕೊಂಡೆ.

ಆಮೇಲೆ ಟ್ರೈನಿಂಗ್ ಎಂದು ನನ್ನನ್ನು ಒಂದು ತಿಂಗಳು ಬೇರೆ ಊರಿಗೆ ಹಾಕಿದರು. ತಿರುಗಿ ಬಂದಾಗ ಮೆಸ್ಸಿನ ತಗಡಿನ ಬಾಗಿಲು ಹಾಕಿತ್ತು. ಜ್ವರವೆಂದು ಮಲಗಿದವಳು ಏಳಲಿಲ್ಲ ಎಂದು ಪಕ್ಕದ ಐಸಿನ ಅಂಗಡಿಯವನು ಹೇಳಿದ. ಹದಿನಾರು ದಿನವಾಗಿತ್ತು. ನಾನು ಅವಳಿಗೆ ನಿಜ ಹೇಳಲೇ ಇಲ್ಲ. ಅಷ್ಟು ಪ್ರೀತಿ ಮಾಡಿದವಳಿಗೆ ಕೊನೆಯ ತನಕ ಮೋಸ ಮಾಡಿದೆ ಎಂಬ ಕೊರಗು ಇಷ್ಟು ವರ್ಷ ನನ್ನನ್ನು ತಿಂದಿದೆ. ಆಮೇಲೆ ನಮಗೆ ಮಕ್ಕಳಾಗಲಿಲ್ಲ.

ಇದೆಲ್ಲ ತಟ್ಟೆಯ ಮುಂದೆ ಕೂತಿದ್ದಾಗ ಮತ್ತೆ ಮೇಲೆ ಬಂತು. ಅಕ್ಕನಿಗೆ ಒಂದು ಮಾತು ಹೇಳಿಬಿಡಬೇಕಿತ್ತು, ಸಾಯುವವರೆಗೂ ಸುಳ್ಳು ಕೇಳಿಸಿದೆ ಎಂದು ಹೆಂಡತಿಯ ಹತ್ತಿರ ಮೊದಲ ಸಲ ಬಾಯಿಬಿಟ್ಟೆ. ಅವಳು ನನ್ನ ಕೈಯಿಂದ ಚಮಚ ತೆಗೆದು ಕೆಳಗಿಟ್ಟಳು.

"ಆಯಮ್ಮಂಗೆ ಗೊತ್ತಿತ್ತು ಕಣ್ರೀ. ಅವತ್ತು ಮಲಗವ್ಳೆ ಅಂತ ನಾನು ಅನ್ನಲೇ ಇಲ್ಲ. ಎಲ್ಲಾನೂ ಹೇಳ್ದೆ."

ಹೊಸಿಲ ಮೇಲೆ ಕೂತು ಅಕ್ಕ ಇವಳನ್ನು ಮಡಿಲಿಗೆಳೆದುಕೊಂಡು ಅತ್ತಳಂತೆ. ಇವಳ ಮುರುಕು ತಮಿಳು ಅವಳಿಗೆ ಅರ್ಥವಾಯಿತಂತೆ. ಹೊರಡುವಾಗ ಇವಳಿಂದ ಕೈ ಮೇಲೆ ಕೈ ಹಾಕಿಸಿಕೊಂಡು ಭಾಷೆ ತೆಗೆದುಕೊಂಡಳಂತೆ.

"'ನಂಗೆ ಗೊತ್ತಾಯ್ತು ಅಂತ ತಂಬಿಗೆ ಹೇಳ್ಬೇಡ. ನಾನು ಕೇಳ್ತಾ ಇರ್ತೀನಿ, ಅವ್ನು ಹೇಳ್ತಾ ಇರ್ಲಿ. ನನ್ ಮೆಸ್ಸಲ್ಲಾದ್ರೂ ಮಗೀನ ಆಡುಸ್ಕೊಳ್ಲಿ' ಅಂದ್ಲು."

ಎರಡೂವರೆ ವರ್ಷ, ದಿನವೂ, ಎಲೆ ಹಾಕುವ ಮುಂಚೆ... ನಡಿಗೆ, ಮಾತು, ಸ್ಕೂಲು, ಎಲ್ಲವನ್ನೂ ತಿಳಿದೇ ಕೇಳಿದ್ದಳು. ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದ ಹೆಂಡತಿಯ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಡಿಸುವವನು ಬಂದು ಊಟ ಹಿಡಿಸಲಿಲ್ಲವೇ ಸಾರ್ ಎಂದ. ಚೆನ್ನಾಗಿದೆ ಎಂದು ಇಬ್ಬರೂ ತಿಂದು ಮುಗಿಸಿದೆವು. ಹೊರಗೆ ಬಂದು ಮೆಸ್ಸಿದ್ದ ಜಾಗದವರೆಗೆ ನಡೆದೆವು. ಈಗ ಅಲ್ಲಿ ಮೀನಿನ ಲಾರಿಗಳು ನಿಲ್ಲುತ್ತವೆ. ಮಗಳು ಈಗ ಎಷ್ಟನೇ ಕ್ಲಾಸಿನಲ್ಲಿರುತ್ತಿದ್ದಳು ಎಂದು ಮನಸ್ಸು ತಾನಾಗಿ ಲೆಕ್ಕ ಹಾಕಿತು, ಯಾರಾದರೂ ಕೇಳಿದರೆ ಹೇಳಲು ಸಿದ್ಧನಾಗಿ ನಿಂತಿದ್ದೆ. ಕೇಳುವವರು ಯಾರೂ ಇಲ್ಲ.