ತಿಕ್ಕಿ ತೊಳೆದ ವೀರಗಲ್ಲು

ಹಳೆಯ ವೀರಗಲ್ಲುಗಳನ್ನು ಓದಿ ದಾಖಲಿಸುವುದು ನನ್ನ ಕೆಲಸ. ಕಲ್ಲನ್ನು ಉಜ್ಜಬಾರದು, ಅಕ್ಷರ ಎದ್ದು ಕಾಣುವ ಓರೆಬಿಸಿಲು ಬೀಳುವವರೆಗೆ ಕಾದು ಫೋಟೊ ತೆಗೆಯಬೇಕು. ಇದನ್ನು ಊರೂರಲ್ಲಿ ಹೇಳಿಕೊಂಡು ತಿರುಗುವ ನಾನು ಮುಟ್ಟಳ್ಳಿಯ ದೇವಮ್ಮನಿಗೆ ಮಾತ್ರ ಹೇಳಲಿಲ್ಲ.

ಅವರ ಗದ್ದೆಯಂಚಿನ ವೀರಗಲ್ಲು ಮೆತ್ತನೆಯ ಬಳಪದ ಕಲ್ಲಿನದು. ಅಮಾವಾಸ್ಯೆಗೊಮ್ಮೆ ಎಣ್ಣೆ ಹಚ್ಚಿ ಹಚ್ಚಿ ಕಪ್ಪಾಗಿತ್ತು. ನಾನು ಹೋದಾಗ ನಡುಮಧ್ಯಾಹ್ನ. "ಅಕ್ಷರ ಕಾಣ್ತಾ ಇಲ್ಲಮ್ಮ, ನಾಳೆ ಬೆಳಿಗ್ಗೆ ಬರ್ತೇನೆ" ಎಂದಷ್ಟೇ ಹೇಳಿ ಹೊರಟೆ. ಬಿಸಿಲಿನ ಮಾತು ಎತ್ತಲಿಲ್ಲ.

ಮರುದಿನ ಕಲ್ಲು ಬೆಳ್ಳಗೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಒದ್ದೆ ಮರಳು, ತೆಂಗಿನ ನಾರು. ಅಕ್ಷರವಿದ್ದಲ್ಲಿ ಬರೀ ಗೀರುಗಳಿದ್ದವು.

"ಕಾಣೂದಿಲ್ಲ ಅಂದ್ರಲ್ಲ, ಎರಡು ತಾಸು ತಿಕ್ಕಿದೆ" ಎಂದರು ದೇವಮ್ಮ, ಸೊಂಟ ಹಿಡಿದುಕೊಂಡು. "ಈಗ ಓದಿ. ನಮ್ಮ ಹಿರಿಯರ ಹೆಸ್ರು ಎಂತ?"

"ಹೆಸರು ಸವೆದು ಹೋಗಿದೆಯಮ್ಮ."

"ಅಯ್ಯೋ, ಮಳೆಗಾ?"

"ಹೌದು, ಮಳೆಗೆ" ಎಂದೆ.

"ನೀವು ಮೊದ್ಲೇ ಬರ್ಬೇಕಾಗಿತ್ತು" ಎಂದು ಅವರು ಮರುಗಿದರು. ನಾನು ಮೊದಲೇ ಬಂದಿದ್ದೆ, ಒಂದು ದಿನ ಮೊದಲು.

ನಮೂನೆಯಲ್ಲಿ 'ಹಾನಿಗೆ ಕಾರಣ' ಎಂಬಲ್ಲಿಯೂ ಮಳೆ ಎಂದೇ ಬರೆದೆ. ಇದ್ದದ್ದನ್ನು ಇದ್ದ ಹಾಗೇ ಬರೆದುಕೊಳ್ಳಲಿ ಎಂದು ನನಗೆ ಸಂಬಳ ಕೊಡುತ್ತಾರೆ.