ಚುಕ್ಕಿ ಅಚ್ಚು ಹಾಕುವವರು

ಸಾಯುವ ಹಿಂದಿನ ದಿನವೂ ನಮ್ಮವರು ರಿಫಾ ಊರಿನ ಕಣ್ಣು ಕಾಣದ ಮಕ್ಕಳ ಶಾಲೆಯಲ್ಲಿ, ಹಾಳೆಯ ಮೇಲೆ ಉಬ್ಬು ಚುಕ್ಕಿ ಅಚ್ಚು ಹಾಕುವ ಬ್ರೈಲ್ ಮೆಷಿನ್ನಿಗೆ ಸಲಾಂ ಹೇಳಿಯೇ ಕೆಲಸಕ್ಕೆ ಕುಳಿತರು. ಮೂವತ್ತು ವರ್ಷ ಆಫೀಸಿನಲ್ಲಿ ಟೈಪು ಮಾಡಿದವರು ಕಂಪ್ಯೂಟರ್ ಕಲಿಯುವ ರೀತಿಯೇ ಬೇರೆ: ಒಂದು ಬಟನ್ ಒತ್ತಲು ಮೂರು ಸಲ ಪುಸ್ತಕ ನೋಡುವುದು, ತಪ್ಪಾದರೆ ಮೆಷಿನ್ನಿನ ಹತ್ತಿರವೇ ಸಾರಿ ಕೇಳುವುದು. ಪರೀಕ್ಷೆಯೊಳಗೆ ಅನಿಷಾ ಎಂಬ ಹುಡುಗಿಯ ವಿಜ್ಞಾನದ ಪುಸ್ತಕ ಮುಗಿಯಬೇಕಿತ್ತು. ಮನೆಗೆ ತಂದ ಹಾಳೆ ಸುರುಳಿಯಾಗಿತ್ತೆಂದು ನಾನು ಇಸ್ತ್ರಿ ಹಾಕಿ, ಒಂದು ಪಾಠದ ಚುಕ್ಕಿಯನ್ನೇ ಅಳಿಸಿಬಿಟ್ಟೆ. "ಇದು ನನ್ನ ಅಂಗಿಯಾ ಮಾರಾಯ್ತಿ?" ಎಂದು ನಕ್ಕರು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತದೆ ಎಂದೆ. "ನಾನು ಇಲ್ಲಿ ಇನ್ನೂ ಒಂದನೇ ಕ್ಲಾಸು" ಎಂದು ಕಣ್ಣು ಮುಚ್ಚಿ, ನನ್ನ ಬೆರಳು ಹಿಡಿದು ಚುಕ್ಕಿ ಮುಟ್ಟಿಸಿದರು. ಅವರು ಹೋದ ಮೇಲೆ ಉಳಿದ ಮೂರು ಪಾಠವನ್ನು ಶಾಲೆಯ ಐವಿ ಟೀಚರ್ ಮುಗಿಸಿದರು, ಅನಿಷಾ ಪಾಸಾದಳು. ಈಗಲೂ ದಿನಾ ಬೆಳಿಗ್ಗೆ ಶಾಲೆಗೆ ಹೋಗಿ, ಅಚ್ಚಾದ ಹಾಳೆಗಳ ಎರಡೂ ಬದಿಯಲ್ಲಿ, ಮೆಷಿನ್ನು ಹಾಳೆ ಎಳೆಯಲೆಂದು ಇರುವ ತೂತಿನ ಪಟ್ಟಿಯನ್ನು ನಾನೇ ಹರಿದು ತೆಗೆಯುತ್ತೇನೆ.