ವಿದ್ಯಾವತಿಯ ನಡುಗಾಂಧಾರ

ಅಮೆರಿಕದ ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನ ಔಷಧಿ ಅಂಗಡಿಯಲ್ಲಿ ಹಗಲೆಲ್ಲ ಮಾತ್ರೆ ಎಣಿಸಿಕೊಡುವ ವಿದ್ಯಾವತಿಯನ್ನು ಕಂಡವರು ಸಾಧು ಹೆಂಗಸು ಎಂದುಕೊಳ್ಳುತ್ತಿದ್ದರು. ಈಕೆ ಏಳು ವರ್ಷ ಒಬ್ಬರ ಮೇಲೆ ಹಲ್ಲು ಮಸೆದವಳು ಎಂದರೆ ಯಾರೂ ನಂಬುವುದಿಲ್ಲ. ನಂಬಬೇಕು.

ಆ ಒಬ್ಬರು ಶ್ರೀಕಂಠಯ್ಯನವರು. ಹ್ಯೂಸ್ಟನ್ ಕನ್ನಡಿಗರ ಸಂಗೀತಕ್ಕೆ ತಾವೇ ದೊಣ್ಣೆನಾಯಕರೆಂದು ತಿಳಿದಿದ್ದವರು. 1999ರ ಯುಗಾದಿ ಕಾರ್ಯಕ್ರಮದಲ್ಲಿ ವಿದ್ಯಾವತಿ ಮೈಸೂರಿನಲ್ಲಿ ಹನ್ನೆರಡು ವರ್ಷ ಕಲಿತ ಪಿಟೀಲನ್ನು ನುಡಿಸುತ್ತಿದ್ದಾಗ ನಡುವೆಯೇ ವೇದಿಕೆ ಹತ್ತಿದರು.

"ಗಾಂಧಾರಾನೇ ನೆಟ್ಟಗಿಲ್ಲ. ಸಾಕಮ್ಮ, ಮುಂದಿನವರು ಬರ್ಲಿ."

ಮುನ್ನೂರು ಜನ ನಕ್ಕರು. ಅವಳ ಗಾಂಧಾರ ಸ್ವರ ಸರಿಯಾಗಿಯೇ ಇತ್ತು. ಮುಂದೆ ಹಾಡಬೇಕಿದ್ದ ಅವರ ಶಿಷ್ಯೆಗೆ ಸಮಯ ಸಾಲದಾಗಿತ್ತು, ಅಷ್ಟೆ.

ಆಮೇಲೆ ಕನ್ನಡದವರು ಯಾರೂ ಅವಳನ್ನು ಕರೆಯಲಿಲ್ಲ. ಅಂಗಡಿಗೆ ಬರುತ್ತಿದ್ದ ಲೆಬನಾನಿನ ಯೂಸುಫ್ ಕರೆದರು. ಮದುವೆಗಳಲ್ಲಿ ಊದ್ ಎಂಬ ಗುಂಡುಹೊಟ್ಟೆಯ ತಂತಿವಾದ್ಯ ನುಡಿಸುವವರು. ಅರಬರೂ ಪಿಟೀಲನ್ನು ನಮ್ಮಂತೆಯೇ ಸ-ಪ-ಸ-ಪ ಎಂದು ಶ್ರುತಿ ಮಾಡುವುದನ್ನು ಕಂಡು ವಿದ್ಯಾವತಿಗೆ ಕಣ್ಣು ತುಂಬಿ ಬಂತು. ಕಷ್ಟವಾದದ್ದು ಅವರ ರಾಸ್ತ್ ಎಂಬ ರಾಗ. ಹೆಚ್ಚುಕಡಿಮೆ ಶಂಕರಾಭರಣವೇ, ಆದರೆ ಗಾಂಧಾರ ನಮ್ಮ ಎರಡು ಗಾಂಧಾರಗಳ ನಡುವೆ ಎಲ್ಲೋ ಕೂರುತ್ತದೆ. ಅಲ್ಲಿ ಬೆರಳು ನಿಲ್ಲಲು ಎರಡು ವರ್ಷ ಹಿಡಿಯಿತು. ನಿಂತ ದಿನ ಎದುರು ಕೂತ ಅಜ್ಜಂದಿರು "ಯಾ ಸಲಾಂ!" ಎಂದು ಕೂಗಿದರು. ನಮ್ಮವರು ಭಲೇ ಎನ್ನುತ್ತಾರಲ್ಲ, ಹಾಗೆ.

2006ರಲ್ಲಿ ಶ್ರೀಕಂಠಯ್ಯನವರ ಮಗಳು ನಿಶಿತಾ ಲೆಬನಾನಿನ ಹುಡುಗನನ್ನು ಮದುವೆಯಾದಳು. ಮಧ್ಯಾಹ್ನದ ಆರತಕ್ಷತೆಗೆ ಗಂಡಿನ ಕಡೆಯವರು ಯೂಸುಫರ ತಂಡವನ್ನೇ ಕರೆಸಿದ್ದರು. ಶ್ರೀಕಂಠಯ್ಯ ಏನೂ ನಡೆದೇ ಇಲ್ಲವೆಂಬಂತೆ ಬಂದು ಅವಳ ಪಿಟೀಲಿನ ತಂತಿ ಮೀಟಿದರು.

"ಅರೆ, ನಮ್ಮ ಶ್ರುತೀನೇ! ಹಾಗಾದ್ರೆ ನಾನೊಂದು ದೇವರನಾಮ ಹಾಡ್ತೀನಿ. ಶಂಕರಾಭರಣ. ಜೊತೆಗೆ ನುಡಿಸಮ್ಮ."

"ಧಾರಾಳವಾಗಿ ಹಾಡಿ, ಅಂಕಲ್," ಎಂದ ವಿದ್ಯಾವತಿ ಯೂಸುಫರ ಕಡೆ ಬಾಗಿ ರಾಸ್ತ್ ಎಂದಳು. ಪಾಪ, ಯೂಸುಫರಿಗೆ ಒಳಗುಟ್ಟು ಗೊತ್ತಿಲ್ಲ.

ಹಾಡು ಗಾಂಧಾರಕ್ಕೆ ಬಂತು. ವಾದ್ಯಗಳೆಲ್ಲ ಒಂದು ಕಡೆ, ಶ್ರೀಕಂಠಯ್ಯ ಒಂದು ಕಡೆ. ಮೇಲೆ ಹಿಡಿದರು, ಕೂಡಲಿಲ್ಲ. ಕೆಳಗೆ ಬಂದರು, ಕೂಡಲಿಲ್ಲ. ಹಣೆಯಲ್ಲಿ ಬೆವರೊಡೆಯಿತು. ಕನ್ನಡದವರು ಮುಖ ಮುಖ ನೋಡಿಕೊಂಡರು. ವಿದ್ಯಾವತಿ ಬೆರಳನ್ನು ಕೂದಲೆಳೆಯಷ್ಟು ಸರಿಸಿದ್ದರೆ ಅವರ ಮಾನ ಉಳಿಯುತ್ತಿತ್ತು. ಸರಿಸಲಿಲ್ಲ. ಕೊನೆಗೆ ದಣಿದ ಗಂಟಲು ಜಾರಿ ಆ ನಡುಜಾಗಕ್ಕೇ ಬಿತ್ತು.

"ಯಾ ಸಲಾಂ!" ಅರಬ್ ಅಜ್ಜಂದಿರು ಎದ್ದೇ ನಿಂತರು.

ಶ್ರೀಕಂಠಯ್ಯ ಪೂರಿಯಂತೆ ಉಬ್ಬಿದರು. ವಿದ್ಯಾವತಿಯ ಹೊಟ್ಟೆಗೆ ಬೆಂಕಿ ಬಿತ್ತು. ಏಳು ವರ್ಷ ಕಾದು ಮಾಡಿದ್ದು ಈ ಮನುಷ್ಯನಿಗೆ ಸನ್ಮಾನವೇ?

ಊಟದ ಮೇಜಿನಲ್ಲಿ ಅವರು ಬೀಗುತ್ತಿದ್ದರು: "ಅರಬರೂ ತಲೆದೂಗಿಬಿಟ್ರು, ನೋಡಿದ್ರಾ?"

ವಿದ್ಯಾವತಿ ಎದುರಿಗೆ ಬಂದು ನಿಂತಳು. "ಅಂಕಲ್, ಅವರು ಮೆಚ್ಚಿದ್ದು ನೀವು ಜಾರಿದ ಜಾಗಾನ. ನಿಮ್ಮ ಗಾಂಧಾರ ಹಿಡಿದಾಗೆಲ್ಲ ಮುಖ ಹಿಂಡ್ತಾ ಇದ್ರು. ಜಾರಿಸಿದ್ದು ನಾನು."

"ಬೇಕೂಂತ ಮಾಡಿದ್ಯಾ? ನನ್ನ ಮಗಳ ಮದುವೇಲಿ?"

"ಹೂಂ."

ಶ್ರೀಕಂಠಯ್ಯನವರ ನಾಲಿಗೆ ಕೆಟ್ಟದ್ದು, ಕಿವಿ ಒಳ್ಳೆಯದು. ಅವಳು ಹೇಳಿದ್ದು ನಿಜವೆಂದು ಅವರಿಗೆ ಆಗಲೇ ತಿಳಿಯಿತು. ಮುಂದೆ ಹಾಡಲು ಕೂತಾಗಲೆಲ್ಲ ಗಂಟಲು ಆ ನಡುಜಾಗಕ್ಕೆ ಜಾರೀತೆಂಬ ಭಯ ಹಿಡಿದು, ಹಾಡುವುದನ್ನೇ ಬಿಟ್ಟರು.

ಅಪ್ಪ ಮನೆಯಲ್ಲೂ ಗುನುಗುವುದಿಲ್ಲ ಎಂದು ನಿಶಿತಾ ಫೋನಿನಲ್ಲಿ ಅತ್ತಳು. ವಿದ್ಯಾವತಿ ಪೂರ್ತಿ ಕೇಳಿಸಿಕೊಂಡಳು. ಅವಳಿಗೆ ಹೊಟ್ಟೆ ತಣ್ಣಗಾಯಿತು.